ಕೇಸ್ ಬದಲಿಸೋಕೆ ಉಚಿತ ಸೈಟಾ, ಶಿಫ್ಟ್ ಎಫ್3 ಕೀಲಿಯಾ? ಎರಡರಲ್ಲೂ ಒಂದೇ ವರದಿ ತಿದ್ದಿದ ಮೇಲೆ

ಇಪ್ಪತ್ತೆರಡು ಪುಟದ ಇಂಗ್ಲಿಷ್ ವರದಿ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಎಲ್ಲಾ ದೊಡ್ಡಕ್ಷರ. ಟೈಪ್ ಮಾಡಿದವರು ಕ್ಯಾಪ್ಸ್ ಲಾಕ್ ಒತ್ತಿ ಕೂತವರು ಅದನ್ನು ತೆಗೆದೇ ಇರಲಿಲ್ಲ. ಓದೋಕೆ ಆಗುವ ಹಾಗೆ ಮಾಡಿಕೊಡಿ ಅಂತ ಅದು ನನ್ನ ಕೈಗೆ ಬಂತು. ಆ ಕೆಲಸವನ್ನು ನಾನು ಎರಡು ಸಲ ಮಾಡಿದೆ. ಮೊದಲ ಸಲ ಒಂದು ಉಚಿತ ಕೇಸ್ ಕನ್ವರ್ಟರ್, ಅಂದರೆ ಇಂಗ್ಲಿಷ್ ಅಕ್ಷರವನ್ನು ದೊಡ್ಡದು ಚಿಕ್ಕದು ಮಾಡಿಕೊಡುವ ಸೈಟಿನಲ್ಲಿ. ಅದು ಕೆಟ್ಟ ಮೇಲೆ ವರ್ಡ್‌ನಲ್ಲಿ, ಶಿಫ್ಟ್ ಎಫ್3 ಒತ್ತಿ. ಎರಡನೇ ಸಲ ಸರಿಯಾಯಿತು. ಹಾಗಾಗಿ ನನ್ನ ಓಟು ಯಾವುದಕ್ಕೆ ಅಂತ ಈಗಲೇ ಹೇಳಿಬಿಡುತ್ತೇನೆ: ದೊಡ್ಡ ಬರಹ ಇದ್ದರೆ ಶಿಫ್ಟ್ ಎಫ್3. ಸೈಟನ್ನು ನಾನು ಬಿಟ್ಟಿಲ್ಲ, ಅದಕ್ಕೂ ಒಂದು ಜಾಗ ಇದೆ. ಆದರೆ ಆ ಜಾಗ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು.

ಸೈಟಿನ ಕಡೆಯಿಂದ ಶುರು ಮಾಡೋಣ. ಇಂಥ ಸೈಟುಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಒಂದು ದೊಡ್ಡ ಪೆಟ್ಟಿಗೆ, ಅದರ ಕೆಳಗೆ ಗುಂಡಿಗಳು. ಎಲ್ಲಾ ದೊಡ್ಡಕ್ಷರ, ಎಲ್ಲಾ ಚಿಕ್ಕಕ್ಷರ, ವಾಕ್ಯದ ಮೊದಲಕ್ಷರ ಮಾತ್ರ ದೊಡ್ಡದು, ಪ್ರತಿ ಪದದ ಮೊದಲಕ್ಷರ ದೊಡ್ಡದು, ಆಮೇಲೆ ಶೀರ್ಷಿಕೆಗೆ ಅಂತ ಟೈಟಲ್ ಕೇಸ್. ನಾನು ಇಡೀ ವರದಿಯನ್ನು ಕಾಪಿ ಮಾಡಿ ಪೆಟ್ಟಿಗೆಗೆ ಹಾಕಿದೆ. ಸೆಂಟೆನ್ಸ್ ಕೇಸ್, ಅಂದರೆ ವಾಕ್ಯದ ಮೊದಲಕ್ಷರ ಮಾತ್ರ ದೊಡ್ಡದು ಮಾಡುವ ಗುಂಡಿ, ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಮೇಲಿನ ನಾಲ್ಕೈದು ಸಾಲು ಓದಿದೆ, ಚೆನ್ನಾಗಿತ್ತು. ವಾಪಸ್ ತಂದು ಹಾಕಿದೆ.

ಮೊದಲು ಕಂಡದ್ದು ಸಣ್ಣ ನಷ್ಟ. ದಪ್ಪಕ್ಷರ ಇಲ್ಲ, ಓರೆ ಅಕ್ಷರ ಇಲ್ಲ, ಕೋಷ್ಟಕಗಳೆಲ್ಲ ಬಿಚ್ಚಿಹೋಗಿ ಸಾಲು ಸಾಲಾಗಿ ಬಿದ್ದಿವೆ, ಅಡಿಟಿಪ್ಪಣಿಗಳು ಮಾಯ. ಸೈಟಿನ ಪೆಟ್ಟಿಗೆ ಬರೀ ಅಕ್ಷರ ಹಿಡಿಯುತ್ತದೆ, ಅಲಂಕಾರ ಹಿಡಿಯುವುದಿಲ್ಲ. ಇದು ನಾನೇ ಊಹಿಸಬಹುದಾಗಿದ್ದ ವಿಷಯ. ಬೇಜಾರಾದರೂ ಕೂತು ಸರಿ ಮಾಡಬಹುದು.

ನಿಜವಾದ ತೊಂದರೆ ಎರಡನೇ ಪುಟದಲ್ಲಿ ಸಿಕ್ಕಿತು. ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾತು ಬಂದಿತ್ತು, ಇಂಗ್ಲಿಷಿನ ಮೂರು ಅಕ್ಷರದಲ್ಲಿ ಡಬ್ಲ್ಯುಎಚ್‌ಓ ಅಂತ. ಸೈಟಿಗೆ ಹೋಗಿ ಬಂದ ಮೇಲೆ ಆ ಮೂರು ಅಕ್ಷರ ಚಿಕ್ಕದಾಗಿ, 'ಹೂ' ಅನ್ನುವ ಪದ ಆಗಿತ್ತು. ಅಂದರೆ 'ಯಾರು'. ಸ್ವಲ್ಪ ಕೆಳಗೆ ಅಮೆರಿಕಕ್ಕೆ ಬರೆಯುವ ಯುಎಸ್ ಇತ್ತು. ಅದು 'ಅಸ್' ಆಗಿತ್ತು, 'ನಮ್ಮನ್ನು' ಅನ್ನುವ ಅರ್ಥದ್ದು. ಐಟಿ ವಿಭಾಗ ಹೋಗಿ 'ಇಟ್' ವಿಭಾಗ ಆಗಿತ್ತು. ಟರ್ಕಿ ದೇಶ ಕೋಳಿ ಥರದ ಹಕ್ಕಿ ಆಗಿತ್ತು, ಚೈನಾ ಅನ್ನುವುದು ಪಿಂಗಾಣಿ ಆಗಿತ್ತು. ಮಾರ್ಚ್ ತಿಂಗಳು ಕವಾಯತಿನ ನಡಿಗೆ. ಮೇ ತಿಂಗಳು ಬರೀ 'ಬಹುದು'.

ಇದರಲ್ಲಿ ನನ್ನನ್ನು ಹೆದರಿಸಿದ್ದು ತಪ್ಪುಗಳಲ್ಲ. ಅವುಗಳ ಕೆಳಗೆ ಕೆಂಪು ಗೆರೆ ಬರಲಿಲ್ಲ ಅನ್ನುವುದು. ಲಂಡನ್ ಚಿಕ್ಕಕ್ಷರದಲ್ಲಿ ಇದ್ದರೆ ಸ್ಪೆಲ್‌ಚೆಕ್ ಹಿಡಿಯುತ್ತದೆ. ಪ್ಯಾರಿಸ್ಸನ್ನೂ ಹಿಡಿಯುತ್ತದೆ. ಆದರೆ ಟರ್ಕಿ, ಮಾರ್ಚ್, ಮಾರ್ಕ್, ಬಿಲ್, ಪಾಲಿಶ್ ಇವೆಲ್ಲ ಚಿಕ್ಕಕ್ಷರದಲ್ಲೂ ಸರಿಯಾದ ಇಂಗ್ಲಿಷ್ ಪದಗಳೇ. ಪೋಲೆಂಡ್ ದೇಶದವರು ಶೂ ಪಾಲಿಶ್ ಆಗಿ ಕೂತಿದ್ದರೂ ಸ್ಪೆಲ್‌ಚೆಕ್ಕಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಇಂಥದ್ದನ್ನು ಕಣ್ಣಿಂದಲೇ ಹುಡುಕಬೇಕು. ನಾನು ಹುಡುಕಲು ಕೂತಾಗ ನನ್ನ ಮುಂದೆ ಇದ್ದದ್ದು ಬದಲಾದ ಪ್ರತಿ ಮಾತ್ರ. ಮೂಲವನ್ನು ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲು ತಾಳೆ ನೋಡಬಹುದಿತ್ತು. ಆದರೆ ಮೂಲದಲ್ಲೂ ಎಲ್ಲವೂ ದೊಡ್ಡಕ್ಷರವೇ ಅಲ್ವಾ? ಅದು ತಾನೇ ಏನು ಹೇಳೀತು?

ಇದು ಆ ಸೈಟಿನ ತಪ್ಪಲ್ಲ ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪ್ಯೂಟರಿಗೆ ಅಕ್ಷರ ಅಂದರೆ ಒಂದು ನಂಬರು. ದೊಡ್ಡ ಎ 65, ಚಿಕ್ಕ ಎ 97. ಬಿ, ಸಿ, ಡಿ ಯಾವುದೇ ತೆಗೆದುಕೊಳ್ಳಿ, ದೊಡ್ಡದಕ್ಕೂ ಚಿಕ್ಕದಕ್ಕೂ ನಡುವೆ ಯಾವಾಗಲೂ 32ರ ವ್ಯತ್ಯಾಸ. ಚಿಕ್ಕದು ಮಾಡುವುದು ಅಂದರೆ 32 ಕೂಡಿಸುವುದು, ಅಷ್ಟೇ. ಈ ಲೆಕ್ಕ ಆಸ್ಕಿ ಕೋಡಿನದು. 1963ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿ ಚಿಕ್ಕಕ್ಷರವೇ ಇರಲಿಲ್ಲ, 1967ರಲ್ಲಿ ಸೇರಿಸಿದರು. ಕೂಡಿಸುವ ಯಂತ್ರಕ್ಕೆ ಟರ್ಕಿ ದೇಶವೋ ಹಕ್ಕಿಯೋ ಅಂತ ಗೊತ್ತಾಗುವ ದಾರಿ ಇಲ್ಲ. ಕ್ಯಾಪ್ಸ್ ಲಾಕ್ ಹಾಕಿ ಟೈಪ್ ಮಾಡಿದಾಗಲೇ ಆ ಮಾಹಿತಿ ಹೋಗಿಬಿಟ್ಟಿರುತ್ತದೆ. ಅದನ್ನು ವಾಪಸ್ ತರುವುದು ಓದುವ ಮನುಷ್ಯನ ಕೆಲಸ. ಹಾಗಾದರೆ ಆ ಮನುಷ್ಯನಿಗೆ ಯಾವ ಸಾಧನ ಜಾಸ್ತಿ ಅನುಕೂಲ ಮಾಡಿಕೊಡುತ್ತದೆ? ನನ್ನ ಹೋಲಿಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಎರಡನೇ ಸಲ ಮೂಲ ಕಡತವನ್ನೇ ವರ್ಡ್‌ನಲ್ಲಿ ತೆರೆದೆ. ಏನನ್ನೂ ಬದಲಿಸದೆ ಮೊದಲು ಒಂದು ಸಲ ಓದಿದೆ. ಓದುತ್ತಾ ವ್ಯಕ್ತಿ, ಊರು, ದೇಶ, ತಿಂಗಳು, ಸಂಸ್ಥೆ ಯಾವುದು ಕಂಡರೂ ಹೈಲೈಟರಿನಿಂದ ಹಳದಿ ಬಳಿದೆ. ಆಮೇಲೆ ಒಂದೊಂದೇ ಪ್ಯಾರಾ ಸೆಲೆಕ್ಟ್ ಮಾಡಿ, ಹೋಮ್ ಪಟ್ಟಿಯಲ್ಲಿ ದೊಡ್ಡ ಎ, ಚಿಕ್ಕ ಎ ಜೋಡಿಯಾಗಿ ಇರುವ ಗುಂಡಿಯಿಂದ ಸೆಂಟೆನ್ಸ್ ಕೇಸ್ ಮಾಡಿದೆ. ಅಕ್ಷರ ಬದಲಾಯಿತು, ಹಳದಿ ಹಾಗೇ ಉಳಿಯಿತು. ನನಗೆ ಬೇಕಾಗಿದ್ದದ್ದು ಇದೇ. ಸೈಟಿನ ಪೆಟ್ಟಿಗೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಗುರುತು ಹಾಕಿಟ್ಟರೂ ಅಳಿಸಿಹೋಗುತ್ತದೆ. ಇಲ್ಲಿ ಗುರುತು ಜೊತೆಗೇ ಬರುತ್ತದೆ.

ಇನ್ನು ಉಳಿದದ್ದು ಹಳದಿ ಪದಗಳು. ಪದದ ಮೇಲೆ ಕರ್ಸರ್ ಇಟ್ಟು ಶಿಫ್ಟ್ ಎಫ್3 ಒತ್ತಿದರೆ ಸಾಕು, ಸೆಲೆಕ್ಟ್ ಕೂಡ ಮಾಡಬೇಕಾಗಿಲ್ಲ. ಒಂದು ಸಲ ಒತ್ತಿದರೆ ಮೊದಲಕ್ಷರ ದೊಡ್ಡದು. ಇನ್ನೊಂದು ಸಲ ಒತ್ತಿದರೆ ಇಡೀ ಪದ ದೊಡ್ಡದು. ಮತ್ತೆ ಒತ್ತಿದರೆ ಚಿಕ್ಕದು. ಟರ್ಕಿಗೆ ಒಂದು ಒತ್ತು, ಡಬ್ಲ್ಯುಎಚ್‌ಓಗೆ ಎರಡು. ತಪ್ಪಿದರೆ ಇನ್ನೊಂದು ಸುತ್ತು. ಹತ್ತು ನಿಮಿಷದಲ್ಲಿ ಕೈಗೆ ಆ ಲಯ ಬಂದುಬಿಟ್ಟಿತು. ಸರಿಯಾದ ಪದದ ಹಳದಿ ತೆಗೆಯುತ್ತಾ ಹೋದೆ. ಪುಟದಲ್ಲಿ ಹಳದಿ ಉಳಿದಿಲ್ಲ ಅಂದರೆ ಆ ಪುಟ ಮುಗಿದಂತೆ. ಕೋಷ್ಟಕ, ಅಡಿಟಿಪ್ಪಣಿ, ಓರೆ ಅಕ್ಷರ ಎಲ್ಲವೂ ತಮ್ಮ ತಮ್ಮ ಜಾಗದಲ್ಲೇ ಇದ್ದವು.

ಇನ್ನೊಂದು ಲಾಭ ಸಿಕ್ಕಿತು. ಪೂರ್ತಿ ದೊಡ್ಡಕ್ಷರದ ಪದಗಳನ್ನು ವರ್ಡಿನ ಸ್ಪೆಲ್‌ಚೆಕ್ ಸಾಮಾನ್ಯವಾಗಿ ನೋಡದೆ ಬಿಡುತ್ತದೆ, ಅದರ ಸೆಟ್ಟಿಂಗ್ ಹಾಗಿರುತ್ತದೆ. ಚಿಕ್ಕಕ್ಷರ ಆಗುತ್ತಿದ್ದ ಹಾಗೇ ಅಡಗಿದ್ದ ಕಾಗುಣಿತದ ತಪ್ಪುಗಳು ಕೆಂಪು ಗೆರೆಯೊಂದಿಗೆ ಎದ್ದು ಬಂದವು.

ಶಿಫ್ಟ್ ಎಫ್3ರಲ್ಲಿ ಎರಡು ಕಿರಿಕಿರಿ ಇವೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್3 ಕೀಲಿಗೆ ಸದ್ದು, ಬೆಳಕು ಅಂತ ಬೇರೆ ಕೆಲಸ ಕೊಟ್ಟಿರುತ್ತಾರೆ. ಆಗ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕು. ಎರಡನೆಯದು, ಕೆಲವು ಸಲ ಎಷ್ಟು ಒತ್ತಿದರೂ ಅಕ್ಷರ ದೊಡ್ಡದಾಗಿಯೇ ಕಾಣುತ್ತದೆ. ಅದು ಅಕ್ಷರ ದೊಡ್ಡದಿರುವುದರಿಂದ ಅಲ್ಲ, ಯಾರೋ ಆಲ್ ಕ್ಯಾಪ್ಸ್ ಅನ್ನುವ ಫಾಂಟ್ ಅಲಂಕಾರ ಹಾಕಿರುವುದರಿಂದ. ಒಳಗೆ ಚಿಕ್ಕಕ್ಷರವೇ ಇರುತ್ತದೆ, ತೋರಿಸುವುದು ಮಾತ್ರ ದೊಡ್ಡದಾಗಿ. ಕಂಟ್ರೋಲ್ ಡಿ ಒತ್ತಿ ಆ ಟಿಕ್ ತೆಗೆದರೆ ಮೂಲ ಬರಹ ಹಾಗೇ ಸಿಗುತ್ತದೆ. ನಿಮ್ಮ ಕೈಗೆ ಬಂದ ಕಡತ ಹೀಗಿದ್ದರೆ ಅದೃಷ್ಟ ಅನ್ನಿ, ಹೆಸರುಗಳೆಲ್ಲ ಸುರಕ್ಷಿತವಾಗಿ ಒಳಗೇ ಇರುತ್ತವೆ. ಹಾಗಾಗಿ ಈಗ ನಾನು ಕೆಲಸ ಶುರು ಮಾಡುವ ಮೊದಲು ಇದನ್ನೇ ನೋಡುತ್ತೇನೆ.

ಸೈಟು ಗೆಲ್ಲುವುದು ಶೀರ್ಷಿಕೆಗಳಲ್ಲಿ. ವರ್ಡಿನಲ್ಲಿ ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡುವ ಆಯ್ಕೆ ಇದೆ, ಆದರೆ ಅದು ಆಫ್, ದಿ, ಆ್ಯಂಡ್ ಇವುಗಳನ್ನೂ ದೊಡ್ಡದು ಮಾಡುತ್ತದೆ. ಒಳ್ಳೆಯ ಸೈಟುಗಳ ಟೈಟಲ್ ಕೇಸ್ ಈ ಚಿಕ್ಕ ಪದಗಳನ್ನು ಚಿಕ್ಕದಾಗಿಯೇ ಬಿಡುತ್ತದೆ. ಕೆಲವದರಲ್ಲಿ ಯಾವ ಶೈಲಿ, ಅಂದರೆ ಯಾವ ಸಂಸ್ಥೆಯ ಇಂಗ್ಲಿಷ್ ಬರವಣಿಗೆ ನಿಯಮ, ಬೇಕು ಅಂತಲೂ ಆರಿಸಬಹುದು. ಇದು ಸುಮ್ನೆ ಇಟ್ಟ ಆಯ್ಕೆ ಅಲ್ಲ. 'ವಿತ್' ಅನ್ನುವ ನಾಲ್ಕಕ್ಷರದ ಪದವನ್ನೇ ನೋಡಿ. ಎಪಿ ಮತ್ತು ಎಪಿಎ ಶೈಲಿಯಲ್ಲಿ ಅದು ದೊಡ್ಡಕ್ಷರದಿಂದ ಶುರುವಾಗಬೇಕು. ಎಂಎಲ್ಎ ಮತ್ತು ಶಿಕಾಗೊ ಶೈಲಿಯಲ್ಲಿ ಚಿಕ್ಕದಾಗಿಯೇ ಇರಬೇಕು. ವರದಿಯ ಮೂವತ್ತು ಶೀರ್ಷಿಕೆಗಳನ್ನು ಒಟ್ಟಿಗೆ ಸೈಟಿಗೆ ಹಾಕಿ ತಂದೆ. ಹೆಸರುಗಳನ್ನು ಆಗಲೂ ಕಣ್ಣಲ್ಲೇ ನೋಡಿದೆ, ಆದರೆ ಮೂವತ್ತು ಸಾಲು ನೋಡುವುದು ದೊಡ್ಡ ಕೆಲಸವಲ್ಲ.

ಸೈಟು ಬಳಸುವುದಾದರೆ ಒಂದು ಪರೀಕ್ಷೆ ಮಾಡಿ. ಪುಟ ತೆರೆದ ಮೇಲೆ ಇಂಟರ್ನೆಟ್ ಆಫ್ ಮಾಡಿ, ನಾಲ್ಕು ಪದ ಹಾಕಿ ಗುಂಡಿ ಒತ್ತಿ. ಆಗಲೂ ಅಕ್ಷರ ಬದಲಾದರೆ ಬದಲಾವಣೆಯ ಕೆಲಸ ನಿಮ್ಮ ಬ್ರೌಸರಿನೊಳಗೇ ನಡೆಯುತ್ತಿದೆ. ಬದಲಾಗದೆ ನಿಂತರೆ ನಿಮ್ಮ ಬರಹ ಬೇರೆಲ್ಲೋ ಇರುವ ಕಂಪ್ಯೂಟರಿಗೆ ಹೋಗಿ ಬರುತ್ತಿದೆ ಅಂತ ಅರ್ಥ. ಬೇರೆಯವರ ಹೆಸರು, ಆರೋಗ್ಯದ ವಿವರ ಇರುವ ಕಡತವನ್ನು ಅಂಥ ಕಡೆ ಹಾಕಬೇಡಿ.

ಮೂರನೆಯ ದಾರಿ ಸ್ಪ್ರೆಡ್‌ಶೀಟು. ಹೆಸರುಗಳ ಉದ್ದ ಪಟ್ಟಿ ಇದ್ದರೆ ಪ್ರತಿ ಪದದ ಮೊದಲಕ್ಷರ ದೊಡ್ಡದು ಮಾಡುವ ಪ್ರಾಪರ್ ಅನ್ನುವ ಸೂತ್ರ ಬಲು ಬೇಗ ಕೆಲಸ ಮಾಡುತ್ತದೆ. ಆದರೆ ಅಕ್ಷರವಲ್ಲದ್ದು ಏನೇ ಬಂದರೂ ಅದರ ಮುಂದಿನ ಅಕ್ಷರವನ್ನು ಅದು ದೊಡ್ಡದು ಮಾಡುತ್ತದೆ. 'ಡೋಂಟ್' ಪದದಲ್ಲಿ ಕೊನೆಯ ಟಿ ದೊಡ್ಡದಾಗುತ್ತದೆ. ಪಟ್ಟಿಗೆ ಸರಿ, ವಾಕ್ಯಕ್ಕೆ ಬೇಡ.

ಗೂಗಲ್ ಡಾಕ್ಸ್‌ನಲ್ಲಿ ಬರೆಯುವವರಿಗೆ ಫಾರ್ಮ್ಯಾಟ್, ಅದರೊಳಗೆ ಟೆಕ್ಸ್ಟ್, ಅದರೊಳಗೆ ಕ್ಯಾಪಿಟಲೈಸೇಶನ್ ಇದೆ. ಲಿಬ್ರೆಆಫೀಸ್ ರೈಟರ್ ಉಚಿತ, ಅದರಲ್ಲೂ ಕೇಸ್ ಬದಲಿಸಲು ಶಿಫ್ಟ್ ಎಫ್3 ಕೀಲಿಯೇ. ಇದಕ್ಕೋಸ್ಕರ ಯಾರೂ ಹೊಸದಾಗಿ ದುಡ್ಡು ಹಾಕಬೇಕಾಗಿಲ್ಲ.

ಕನ್ನಡವೂ ಇಂಗ್ಲಿಷೂ ಬೆರೆತ ಕಡತ ಇರುವವರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಮ್ಮ ಲಿಪಿಯಲ್ಲಿ ದೊಡ್ಡದು ಚಿಕ್ಕದು ಇಲ್ಲ. ಯೂನಿಕೋಡ್ ಕನ್ನಡವನ್ನು, ಅಂದರೆ ಈಗ ಫೋನು, ವೆಬ್ ಪುಟಗಳಲ್ಲಿ ಕಾಣುವ ಕನ್ನಡವನ್ನು, ಯಾವ ಕೇಸ್ ಗುಂಡಿಯೂ ಮುಟ್ಟುವುದಿಲ್ಲ, ಹಾಕಿದ್ದು ಹಾಗೇ ವಾಪಸ್ ಬರುತ್ತದೆ. ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತ ಇದ್ದರೆ ಕಥೆ ಬೇರೆ. ಅಲ್ಲಿ ತೆರೆಯ ಮೇಲೆ 'ಕ' ಕಂಡರೂ ಒಳಗೆ ಕೂತಿರುವುದು ಇಂಗ್ಲಿಷಿನ ದೊಡ್ಡ ಪಿ ಮತ್ತು ಅದರ ಪಕ್ಕ ತಲೆಕಟ್ಟಿಗಾಗಿ ಗುರುತು ಹೊತ್ತ ಒಂದು ದೊಡ್ಡ ಎ. ಎಲ್ಲಾ ಸೆಲೆಕ್ಟ್ ಮಾಡಿ ಚಿಕ್ಕಕ್ಷರ ಅಂದರೆ ಅವೆರಡೂ ಚಿಕ್ಕದಾಗುತ್ತವೆ, ಕನ್ನಡ ಪದ ಗುರುತು ಸಿಗದ ಹಾಗೆ ಕೆಡುತ್ತದೆ. ಸೈಟಾದರೂ ಅಷ್ಟೇ, ಶಿಫ್ಟ್ ಎಫ್3 ಆದರೂ ಅಷ್ಟೇ. ವ್ಯತ್ಯಾಸ ಇರುವುದು ಒಂದರಲ್ಲಿ: ವರ್ಡಿನಲ್ಲಿ ಇಂಗ್ಲಿಷ್ ಪ್ಯಾರಾ ಮಾತ್ರ ಸೆಲೆಕ್ಟ್ ಮಾಡಬಹುದು, ತಪ್ಪಿದರೆ ಕಂಟ್ರೋಲ್ ಝಡ್ ಇದೆ. ಸೈಟಿನ ಪೆಟ್ಟಿಗೆಗೆ ಬಂದ ಮೇಲೆ ಫಾಂಟೇ ಉಳಿದಿರುವುದಿಲ್ಲ, ಹಾಗಾಗಿ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಂತ ಗುರುತಿಸುವುದೇ ಕಷ್ಟ. 'ಬರಹ' ತಂತ್ರಾಂಶದ ಲಿಪ್ಯಂತರದಲ್ಲಿ, ಅಂದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಟೈಪ್ ಮಾಡಿಟ್ಟದ್ದಕ್ಕೂ ಇದೇ ಎಚ್ಚರಿಕೆ. ಅಲ್ಲಿ ಚಿಕ್ಕ ಎನ್ ಅಂದರೆ 'ನ', ದೊಡ್ಡ ಎನ್ ಅಂದರೆ 'ಣ'. ಎಲ್ಲ ಚಿಕ್ಕದಾದರೆ ಹಣ ಹೋಗಿ ಹನ ಆಗುತ್ತದೆ.

ನನ್ನ ಅಭ್ಯಾಸ ಹೇಳುವುದಾದರೆ, ದಿನದ ಬಹುಪಾಲು ನಾನು ವರ್ಡ್ ಮುಂದೆ ಕೂತಿರುತ್ತೇನೆ. ಕೈ ಕೀಲಿಗಳ ಮೇಲೇ ಇರುತ್ತದೆ. ಬೇರೆ ಪುಟಕ್ಕೆ ಹೋಗಿ, ಜಾಹೀರಾತು ದಾಟಿ, ಕಾಪಿ ಮಾಡಿ ಬರುವುದು ನನಗೆ ಒಗ್ಗುವುದಿಲ್ಲ. ನೀವು ಚಿಕ್ಕ ಚಿಕ್ಕ ಶೀರ್ಷಿಕೆ, ಚಿತ್ರದ ಅಡಿಬರಹ ಇಂಥದ್ದನ್ನೇ ಜಾಸ್ತಿ ಬರೆಯುವವರಾದರೆ ಸೈಟೇ ನಿಮಗೆ ಹೊಂದುತ್ತದೆ, ಅದನ್ನೇ ಬಳಸಿ. ಪುಟಗಟ್ಟಲೆ ಬರಹ ಬಂದರೆ ಮಾತ್ರ ಮೊದಲು ಹಳದಿ ಬಳಿಯಿರಿ. ಆ ವರದಿಯಲ್ಲಿ ನಾನು ಕೊನೆಗೆ ಅಳಿಸಿದ ಹಳದಿ ಪದ ಒಬ್ಬರ ಹೆಸರು, ಮಾರ್ಕ್. ಸೈಟಿನಿಂದ ಬಂದ ಪ್ರತಿಯಲ್ಲಿ ಅದು ಎಂಟು ಕಡೆ ಚಿಕ್ಕಕ್ಷರದಲ್ಲಿತ್ತು, ಒಂದರ ಕೆಳಗೂ ಕೆಂಪು ಗೆರೆ ಇರಲಿಲ್ಲ.