ಡ್ರಿಲ್ ಬ್ಯಾಟರಿಯ ಸೆಲ್ ಬದಲಾಯಿಸೋಕೆ ಕೊಡುವ ಮೊದಲು ಇದನ್ನು ಓದಿ

ಕಾರ್ಡ್‌ಲೆಸ್ ಡ್ರಿಲ್, ಗ್ರೈಂಡರ್, ಕಟರ್ ಇಟ್ಟುಕೊಂಡು ಹೊಟ್ಟೆ ಹೊರೆಯುವವರು ದಯವಿಟ್ಟು ಪೂರ್ತಿ ಓದಿ. ಬ್ಯಾಟರಿ ವೀಕ್ ಆಗಿದೆ, ಹೊಸದು ತಗೊಳ್ಳೋದು ಬೇಡ, ಒಳಗಿನ ಸೆಲ್ ಮಾತ್ರ ಬದಲಾಯಿಸೋಣ ಅಂತ ಲೆಕ್ಕ ಹಾಕುತ್ತಿರುವವರು ಇನ್ನೂ ಗಮನವಿಟ್ಟು ಓದಿ. ನನ್ನ 2,800 ರೂಪಾಯಿ ಹೋಯಿತು. ಅದಕ್ಕೂ ಸಿಟ್ಟಿದೆ. ಆದರೆ ಪ್ಯಾಕ್ ಬಿಚ್ಚಿದಾಗ ಒಳಗೆ ಕಂಡದ್ದಕ್ಕೆ ಇರುವ ಸಿಟ್ಟೇ ಬೇರೆ.

ನನ್ನದು ಬೆಂಗಳೂರಿನಲ್ಲಿ ವಾರ್ಡ್‌ರೋಬ್, ಕಿಚನ್ ಫಿಟ್ಟಿಂಗ್ ಕೆಲಸ. 18 ವೋಲ್ಟಿನ ಬ್ರಷ್‌ಲೆಸ್ ಡ್ರಿಲ್ ಇದೆ, ಅಂದರೆ ಮೋಟರಿನಲ್ಲಿ ಸವೆಯುವ ಕಾರ್ಬನ್ ಬ್ರಷ್ ಇಲ್ಲದ್ದು. ಮಷೀನ್ ಬಂಗಾರ. ಅದರ ಜೊತೆ ಬಂದ 5 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಪ್ಯಾಕ್ ವರ್ಷಗಟ್ಟಲೆ ದುಡಿದು ಸುಸ್ತಾಗಿತ್ತು. ಬೆಳಿಗ್ಗೆ ಹಾಕಿದರೆ ಸಂಜೆವರೆಗೆ ಬರುತ್ತಿದ್ದದ್ದು ಟೀ ಟೈಮಿಗೇ ಕೈ ಕೊಡೋಕೆ ಶುರುವಾಯಿತು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿದರೆ ಒಂದೇ ಮಾತು: ಪ್ಯಾಕ್ ರಿಪೇರಿ ಮಾಡಲ್ಲ, ಹೊಸದು ತಗೊಳ್ಳಿ. ಹೊಸದಕ್ಕೆ ಏಳು ಸಾವಿರದ ಮೇಲೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸ ಡ್ರಿಲ್ ಸೆಟ್ಟೇ ಬರುತ್ತದೆ. ಈ ಕಂಪನಿಗಳ ವ್ಯಾಪಾರ ನಡೆಯುವುದೇ ಹೀಗೆ, ನಿಮಗೆಲ್ಲ ಗೊತ್ತಿರುವುದೇ.

ಸೆಲ್ ಬದಲಾಯಿಸಿಕೊಳ್ಳುವುದು ನನಗೇನೂ ಹೊಸದಲ್ಲ. ಮೊದಲು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಬರುತ್ತಿತ್ತಲ್ಲ, 14.4 ವೋಲ್ಟಿನದು, ಒಳಗೆ 1.2 ವೋಲ್ಟಿನ ದಪ್ಪ ದಪ್ಪ 12 ಸೆಲ್. ಅದನ್ನು ಎಸ್.ಪಿ. ರೋಡ್ ಕಡೆ ಒಂದು ಅಂಗಡಿಗೆ ಕೊಟ್ಟು ಮಾಡಿಸಿದ್ದೆ. ಚೆನ್ನಾಗಿಯೇ ನಡೆಯಿತು. ಆ ಅಂಗಡಿ ಈಗ ಇಲ್ಲ. ಈ ಸಲ ಪರಿಚಯದವರೊಬ್ಬರು ಇನ್ನೊಂದು ನಂಬರ್ ಕೊಟ್ಟರು. ಅಂಗಡಿ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ನಾಳೆ ಬೋರ್ಡ್ ಬದಲಾಯಿಸುತ್ತಾನೆ, ಅಷ್ಟೇ. ಮಾಡುವ ರೀತಿ ಗೊತ್ತಿದ್ದರೆ ಸಾಕು.

ಹೋದ ತಕ್ಷಣ ಎಷ್ಟು ಮರ್ಯಾದೆ ಅಂತೀರಾ! ಕುರ್ಚಿ ಎಳೆದು ಕೂರಿಸಿದ. ಪ್ಯಾಕ್ ಕೈಯಲ್ಲಿ ತಿರುಗಿಸಿ ನೋಡಿದ. "ಸಾರ್, ಒಳಗೆ ಹತ್ತು ಸೆಲ್ ಇರುತ್ತೆ. ಒರಿಜಿನಲ್ ಕೊರಿಯಾ ಸೆಲ್ ಹಾಕ್ತೀನಿ. 5 ಆಂಪಿಯರ್ ಇದ್ದಿದ್ದು 8 ಆಂಪಿಯರ್ ಆಗುತ್ತೆ. ಹೊಸದಕ್ಕಿಂತ ಜಾಸ್ತಿ ಬರುತ್ತೆ ನೋಡಿ" ಅಂದ.

ಈ 8 ಆಂಪಿಯರ್ (ಅವನು ಹೇಳಿದ್ದು ಆಂಪಿಯರ್-ಅವರ್) ಮಾತು ನೆನಪಿಟ್ಟುಕೊಳ್ಳಿ. ನಿಮಗೂ ಹೇಳುತ್ತಾರೆ. ನಮ್ಮ ಪ್ಯಾಕಿನೊಳಗೆ ಇರುವುದು 18650 ಅನ್ನುವ ಅಳತೆಯ ಸೆಲ್, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಎರಡೆರಡು ಸೆಲ್ ಜೋಡಿ ಮಾಡಿ, ಅಂಥ ಐದು ಜೋಡಿಯನ್ನು ಸಾಲಾಗಿ ಸೇರಿಸಿರುತ್ತಾರೆ. ಒಂದು ಸೆಲ್ 3.6 ವೋಲ್ಟ್, ಐದು ಸಾಲಿಗೆ 18 ವೋಲ್ಟ್. ಡ್ರಿಲ್ ಎಳೆಯುವಷ್ಟು ಕರೆಂಟ್ ಕೊಡುವ ಒಳ್ಳೆಯ ಸೆಲ್ ಆದರೆ ಒಂದೊಂದು 2.5, ಇಲ್ಲಾಂದರೆ 3 ಆಂಪಿಯರ್-ಅವರ್. ಜೋಡಿಗೆ 5, ಹೆಚ್ಚೆಂದರೆ 6. ಈ ಅಳತೆಯಲ್ಲಿ ಸಾಮಾನ್ಯವಾಗಿ ಸಿಗುವ ಎಂಥ ಒಳ್ಳೆಯ ಸೆಲ್ ತಂದರೂ 3.5ರ ಆಸುಪಾಸಿಗೆ ನಿಂತುಹೋಗುತ್ತದೆ, ಅದೂ ಡ್ರಿಲ್ಲಿನ ಭಾರ ಎಳೆಯುವ ಜಾತಿಯದಲ್ಲ. ಅದೇ ಡಬ್ಬಿಯಲ್ಲಿ 8 ಎಲ್ಲಿಂದ ಬರುತ್ತದೆ? ಇದನ್ನು ನನಗೆ ಆಮೇಲೆ ಲೆಕ್ಕ ಹಾಕಿ ತೋರಿಸಿದವನು ಬೇರೆಯವನು, ಅವನ ವಿಷಯ ಮುಂದೆ ಬರುತ್ತದೆ.

ಬಿಲ್ ಕೇಳಿದೆ. "ಬಿಲ್ ಯಾಕೆ ಸಾರ್, ನಾನು ಎಲ್ಲಿಗೆ ಹೋಗ್ತೀನಿ, ಇಲ್ಲೇ ಇರ್ತೀನಲ್ಲ" ಅಂದ. ವಾರಂಟಿ? "ಆರು ತಿಂಗಳು ಟೆನ್ಷನ್ನೇ ಬೇಡ." ಇದನ್ನೇ ವಾಟ್ಸ್ಆ್ಯಪಿನಲ್ಲಿ ಹಾಕು ಅಂದೆ. ಹಾಕಿದ, ಕೈ ಮುಗಿಯುವ ಚಿತ್ರದ ಜೊತೆ. ದುಡ್ಡು ಯುಪಿಐನಲ್ಲಿ ಕೊಟ್ಟೆ. ಈಗ ನನ್ನ ಹತ್ತಿರ ಸಾಕ್ಷಿ ಅಂತ ಇರುವುದು ಇವೆರಡೇ.

ಪ್ಯಾಕ್ ವಾಪಸ್ ಬಂತು. ಗುಂಡಿ ಒತ್ತಿದರೆ ನಾಲ್ಕಕ್ಕೆ ನಾಲ್ಕೂ ದೀಪ ಉರಿಯಿತು. ಖುಷಿಯಾಯಿತು. ಆ ದೀಪ ವೋಲ್ಟೇಜ್ ನೋಡಿ ಉರಿಯುವುದು, ಒಳಗೆ ಎಷ್ಟು ಸರಕಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸತ್ತುಹೋಗುವ ಸೆಲ್ಲಿಗೂ ಚಾರ್ಜ್ ಕೊಟ್ಟರೆ ಸ್ವಲ್ಪ ಹೊತ್ತು ನಾಲ್ಕು ದೀಪ ತೋರಿಸುತ್ತದೆ.

ರಾಜರಾಜೇಶ್ವರಿನಗರದಲ್ಲಿ ಒಂದು ಮನೆ ಕೆಲಸ. ವಾರ್ಡ್‌ರೋಬ್ ಬಾಗಿಲಿಗೆ ಹಿಂಜ್ ಕೂರಿಸಬೇಕು. 35 ಮಿಲಿಮೀಟರ್ ಬಿಟ್ ಹಾಕಿ ಗುಳಿ ತೆಗೆಯುವ ಕೆಲಸ, ಮಾಡಿದವರಿಗೆ ಗೊತ್ತು, ಅಲ್ಲಿ ಮಷೀನಿಗೆ ಭಾರ ಬೀಳುತ್ತದೆ. ಬಿಟ್ ಪ್ಲೈವುಡ್ ಮುಟ್ಟಿತು, ಎರಡು ಸುತ್ತು ಸುತ್ತಿತು, ನಿಂತಿತು. ದೀಪ ನೋಡಿದರೆ ಮೂರು ಉರಿಯುತ್ತಿದೆ! ಮತ್ತೆ ಒತ್ತಿದೆ. ಮತ್ತೆ ನಿಂತಿತು. ಸ್ಕ್ರೂ ಹಾಕಲು ಓಡುತ್ತದೆ, ಗುಳಿ ತೆಗೆಯಲು ಹೋದರೆ ನಿಲ್ಲುತ್ತದೆ. ಮನೆ ಯಜಮಾನರು ಪಕ್ಕದಲ್ಲೇ ಕಾಫಿ ಹಿಡಿದು ನಿಂತಿದ್ದರು. ಹಿಂದಿನ ದಿನ ಅವರಿಗೆ ನಾನೇ ಹೇಳಿದ್ದೆ, ಬ್ಯಾಟರಿ ಹೊಸದು ಹಾಕಿಸಿದ್ದೀನಿ, ನಾಳೆ ಬೇಗ ಮುಗಿಸ್ತೀನಿ ಅಂತ. "ಇದೇನಾ ಹೊಸ ಬ್ಯಾಟರಿ?" ಅಂತ ಕೇಳಿದರು. ನಗುತ್ತಲೇ ಕೇಳಿದರು. ನನ್ನ ಕೆಲಸದ ಹುಡುಗನ ಎದುರಿಗೆ. ಕೊನೆಗೆ ಅವರೇ ಪಕ್ಕದ ಮನೆಯಿಂದ ವೈರ್ ಇರುವ ಡ್ರಿಲ್ ತಂದುಕೊಟ್ಟರು. ಫಿಟ್ಟಿಂಗ್ ಮಾಡೋಕೆ ಬಂದವನಿಗೆ ಗಿರಾಕಿ ಡ್ರಿಲ್ ತಂದುಕೊಡುವುದು, ಅದಕ್ಕಿಂತ ಅವಮಾನ ಏನಿದೆ ಹೇಳಿ.

ಈಗ ಅವನ ಉತ್ತರಗಳನ್ನು ಕೇಳಿ. ಸಾಲಾಗಿ ಬರೆಯುತ್ತೇನೆ, ಎಲ್ಲವೂ ನನ್ನ ಫೋನಿನಲ್ಲಿವೆ.

ಮೊದಲನೆಯದು: "ಹೊಸ ಸೆಲ್ ಅಲ್ವಾ ಸಾರ್, ಎರಡು ಮೂರು ಸಲ ಫುಲ್ ಖಾಲಿ ಮಾಡಿ ಫುಲ್ ಚಾರ್ಜ್ ಮಾಡಿ, ಸೆಟ್ ಆಗುತ್ತೆ." ಇದು ಹಳೇ ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಲಿಥಿಯಂ ಸೆಲ್ ಸೆಟ್ ಆಗುವುದು ಅಂತ ಏನೂ ಇಲ್ಲ. ಪೂರ್ತಿ ಖಾಲಿ ಮಾಡಿದಷ್ಟೂ ಅದಕ್ಕೆ ಪೆಟ್ಟೇ. ಆದರೂ ಹೇಳಿದ ಹಾಗೆ ಮಾಡಿದೆ. ಏನೂ ಸೆಟ್ ಆಗಲಿಲ್ಲ.

ಎರಡನೆಯದು: "ನೀವು ಹೆವಿ ಯೂಸ್ ಮಾಡ್ತಿದ್ದೀರಾ ಸಾರ್." ಡ್ರಿಲ್ ತಗೊಂಡು ಹೆವಿ ಯೂಸ್ ಮಾಡದೆ ಪೂಜೆ ಮಾಡಲಾ?

ಮೂರನೆಯದು. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಬ್ಯಾಟರಿ ಪರ್ಫೆಕ್ಟ್ ಇದೆ ಸಾರ್. ನಿಮ್ಮ ಮಷೀನ್‌ದು ಕಾರ್ಬನ್ ಸವೆದಿದೆ. ಕಾರ್ಬನ್ ಚೇಂಜ್ ಮಾಡಿಸಿ, ಆಮೇಲೆ ನೋಡಿ."

ಸ್ವಾಮಿ, ನನ್ನ ಮಷೀನ್ ಬ್ರಷ್‌ಲೆಸ್. ಅದರಲ್ಲಿ ಕಾರ್ಬನ್ನೇ ಇಲ್ಲ! ಮೈಮೇಲೆ ದಪ್ಪ ಅಕ್ಷರದಲ್ಲಿ ಬ್ರಷ್‌ಲೆಸ್ ಅಂತ ಬರೆದಿದೆ. ಮೊದಲ ದಿನ ಆ ಮಷೀನನ್ನು ಅವನ ಟೇಬಲ್ ಮೇಲೇ ಇಟ್ಟು ತೋರಿಸಿದ್ದೆ. ಆ ಮೆಸೇಜ್ ಓದಿದ ಗಳಿಗೆಯಲ್ಲಿ ಎಲ್ಲ ಗೊತ್ತಾಯಿತು. ಇವನು ನನ್ನ ಮಷೀನ್ ನೋಡಿಲ್ಲ, ತೊಂದರೆ ಏನು ಅಂತ ಓದಿಲ್ಲ, ಬರುವ ಎಲ್ಲರಿಗೂ ಇದೇ ಸಾಲು ಕಳಿಸುತ್ತಾನೆ. ಬ್ರಷ್‌ಲೆಸ್ ಅಣ್ಣ, ಕಾರ್ಬನ್ ಇಲ್ಲ ಅಂತ ಬರೆದೆ. ನೀಲಿ ಟಿಕ್ ಬಿತ್ತು. ಉತ್ತರ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮಾರನೇ ದಿನ: "ತಗೊಂಡು ಬನ್ನಿ ನೋಡೋಣ." ತಗೊಂಡು ಹೋದೆ. ಇಟ್ಟುಕೊಂಡ. ಕೊಟ್ಟ. ಅದೇ ಪ್ಯಾಕ್, ಅದೇ ಕಥೆ. ಏನು ಮಾಡಿದೆ ಅಂತ ಕೇಳಿದರೆ "ಬ್ಯಾಲೆನ್ಸ್ ಮಾಡಿದ್ದೀನಿ" ಅಂದ. ಅಂದರೆ ಎಲ್ಲ ಜೋಡಿಯ ವೋಲ್ಟೇಜ್ ಒಂದೇ ಸಮ ಮಾಡಿದ್ದಾನಂತೆ.

ನನಗೆ ಗೊತ್ತಿರುವ ಒಬ್ಬ ಹುಡುಗ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುತ್ತಾನೆ. ಅವನ ಹತ್ತಿರ ಬಿಚ್ಚಿಸಿದೆ. ನಾಲ್ಕು ಸ್ಕ್ರೂ ತೆಗೆದು ಸೆಲ್ ಹೊರಗೆಳೆದ. ಮೇಲೆ ಹಸಿರು ಕವರ್, ಕೊರಿಯಾ ಕಂಪನಿಯ ಹೆಸರು. ನೋಡೋಕೆ ಹೊಚ್ಚ ಹೊಸದು. ಬ್ಲೇಡ್ ತಗೊಂಡು ಒಂದು ಸೆಲ್ಲಿನ ಕವರ್ ಸೀಳಿದ. ಹಸಿರು ಕವರ್ ಕೆಳಗೆ ಇನ್ನೊಂದು ಕವರ್! ಮಾಸಲು ನೇರಳೆ ಬಣ್ಣದ್ದು. ಇನ್ನೊಂದು ಸೀಳಿದ, ಅದರ ಕೆಳಗೆ ಕೆಂಪು. ಮೂರನೆಯದರ ಕೆಳಗೆ ಕವರೇ ಇಲ್ಲ, ಬರೀ ಕಬ್ಬಿಣ, ತುದಿಯಲ್ಲಿ ಸ್ವಲ್ಪ ತುಕ್ಕು. ತಲೆ ಮೇಲೆ ಹಳೇ ವೆಲ್ಡಿಂಗಿನ ಚುಕ್ಕಿಗಳು, ಅದನ್ನು ಉಜ್ಜಿ ನಯ ಮಾಡಿದ ಗುರುತು. "ಅಣ್ಣ, ಇವು ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್‌ಗಳು, ಹೊಸ ಬಟ್ಟೆ ಹಾಕಿದ್ದಾರೆ ಅಷ್ಟೇ" ಅಂದ.

ಲ್ಯಾಪ್‌ಟಾಪ್ ಸೆಲ್ ನಿಧಾನಕ್ಕೆ ಕರೆಂಟ್ ಕೊಡುವ ಸೆಲ್. ಹೊಸದಿದ್ದಾಗಲೂ ನಾಲ್ಕೈದು ಆಂಪಿಯರ್ ಕೊಟ್ಟರೆ ಜಾಸ್ತಿ. ಡ್ರಿಲ್ ಭಾರ ಬಿದ್ದಾಗ ಇಪ್ಪತ್ತು ಆಂಪಿಯರ್ ದಾಟಿ ಎಳೆಯುತ್ತದೆ. ಎಳೆದ ತಕ್ಷಣ ವೋಲ್ಟೇಜ್ ಕುಸಿದು ಒಳಗಿನ ಬೋರ್ಡ್ ಕರೆಂಟ್ ಕಟ್ ಮಾಡುತ್ತದೆ. ಭಾರ ತೆಗೆದರೆ ವೋಲ್ಟೇಜ್ ಮತ್ತೆ ಮೇಲೆ ಬರುತ್ತದೆ, ಮೂರು ದೀಪ ಉರಿಯುತ್ತದೆ. ಆವತ್ತು ಆ ಮನೆಯಲ್ಲಿ ನಡೆದದ್ದು ಇದೇ. ಮೀಟರ್ ಇಟ್ಟು ನೋಡಿದರೆ ನಾಲ್ಕು ಜೋಡಿ 4 ವೋಲ್ಟಿನ ಹತ್ತಿರ, ಒಂದು ಜೋಡಿ 3.4. ಇದಂತೆ ಬ್ಯಾಲೆನ್ಸ್ ಮಾಡಿದ್ದು! ತೂಕ ಹಾಕಿ ನೋಡಿ, ಡೂಪ್ಲಿಕೇಟ್ ಆದರೆ ಹಗುರ ಇರುತ್ತದೆ ಅಂತ ಕೆಲವರು ಹೇಳುತ್ತಾರೆ. ಇಲ್ಲಿ ಅದೂ ನಡೆಯಲಿಲ್ಲ. ಒಂದೊಂದು 45 ಗ್ರಾಂ ಸುತ್ತ, ಸರಿಯಾಗೇ ಇತ್ತು. ಹಳೇ ಸೆಲ್ ಆದರೂ ಸೆಲ್ಲೇ ತಾನೆ, ತೂಕ ಎಲ್ಲಿ ಹೋಗುತ್ತದೆ.

ಇಲ್ಲಿವರೆಗೆ ಮೋಸ ಅನ್ನೋಣ. ದುಡ್ಡಿನ ಮೋಸ. ಮುಂದಿನದನ್ನು ಏನಂತ ಕರೆಯಬೇಕೋ ಗೊತ್ತಿಲ್ಲ.

ಈ ಪ್ಯಾಕ್‌ಗಳಲ್ಲಿ ಸೆಲ್‌ಗಳ ನಡುವೆ ಥರ್ಮಿಸ್ಟರ್ ಅಂತ ಒಂದು ಪುಟ್ಟ ಭಾಗ ಇರುತ್ತದೆ. ಸೆಲ್ ಎಷ್ಟು ಬಿಸಿಯಾಗಿದೆ ಅಂತ ಚಾರ್ಜರಿಗೆ ತಿಳಿಸುವುದು ಅದೇ. ಬಿಸಿ ಜಾಸ್ತಿಯಾದರೆ ಚಾರ್ಜರ್ ತಾನೇ ನಿಲ್ಲಿಸುತ್ತದೆ. ನನ್ನ ಪ್ಯಾಕಿನಲ್ಲಿ ಅದನ್ನು ಕತ್ತರಿಸಿ ಎಸೆದು, ಅದರ ಜಾಗಕ್ಕೆ ಒಂದು ಸಾದಾ 10 ಕಿಲೋ ಓಮ್ ರೆಸಿಸ್ಟರ್ ಬೆಸುಗೆ ಹಾಕಿದ್ದ. ಒಂದೆರಡು ರೂಪಾಯಿಯ ವಸ್ತು. ಅದರ ಅರ್ಥ ಏನು ಗೊತ್ತಾ? ಒಳಗೆ ಸೆಲ್ ಕುದಿಯುತ್ತಿದ್ದರೂ ಚಾರ್ಜರಿಗೆ 25 ಡಿಗ್ರಿ, ತಣ್ಣಗಿದೆ ಅಂತಲೇ ಹೇಳುತ್ತಿರುತ್ತದೆ. ಯಾವಾಗಲೂ. ಹಳೇ ಸೆಲ್, ಬೇರೆ ಬೇರೆ ಕಂಪನಿಯದು, ಒಂದು ಜೋಡಿ ಆಗಲೇ ಕೆಟ್ಟಿದೆ, ಮೇಲಿಂದ ಬಿಸಿ ನೋಡುವ ಕಣ್ಣೂ ಕಿತ್ತಿದ್ದಾನೆ. ಇದನ್ನು ನಾನು ರಾತ್ರಿ ಹಾಲ್‌ನಲ್ಲಿ ಚಾರ್ಜಿಗೆ ಹಾಕಿ ಮಲಗುತ್ತಿದ್ದೆ. ಪಕ್ಕದ ರೂಮಿನಲ್ಲಿ ಮಕ್ಕಳು. ಲಿಥಿಯಂ ಸೆಲ್ ಹೊತ್ತಿಕೊಂಡರೆ ಬಕೆಟ್ ನೀರಿಗೆ ಬಗ್ಗುವ ಬೆಂಕಿಯಲ್ಲ ಅದು.

ಫೋಟೋ ತೆಗೆದು ಕಳಿಸಿದೆ. ಈ ಸಲ ಉತ್ತರ ಬೇಗ ಬಂತು. "ಸೀಲ್ ಓಪನ್ ಮಾಡಿದ್ದೀರಾ ಸಾರ್. ವಾರಂಟಿ ಹೋಯ್ತು." ಯಾವ ಸೀಲ್? ಕಂಪನಿ ಸೀಲ್ ಮೊದಲು ಒಡೆದವನು ಅವನೇ! ರೆಸಿಸ್ಟರ್ ಬಗ್ಗೆ ಕೇಳಿದರೆ: "ಅದು ಹಾಕಿಲ್ಲ ಅಂದ್ರೆ ಚಾರ್ಜರ್ ತಗೊಳ್ಳೋದೇ ಇಲ್ಲ ಸಾರ್. ಎಲ್ಲರೂ ಹಂಗೇ ಮಾಡೋದು." ಅಂದರೆ ಗೊತ್ತಿದ್ದೇ ಮಾಡಿದ್ದಾನೆ. ಎಲ್ಲರಿಗೂ ಮಾಡಿದ್ದಾನೆ. ಆಮೇಲೆ "ಕೆಲಸ ನಂದಲ್ಲ ಸಾರ್, ಹೊರಗೆ ಕೊಟ್ಟು ಮಾಡಿಸೋದು" ಅಂದ. ಕೊನೆಗೆ "500 ವಾಪಸ್ ಹಾಕ್ತೀನಿ, ಮೆಸೇಜ್ ಡಿಲೀಟ್ ಮಾಡಿ." ಬೇಡ ಅಂದೆ. ಬ್ಲಾಕ್ ಮಾಡಿದ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಕೇಳಿದಾಗ ಬಿಲ್ ಕೊಡದಿರುವುದು, ಕೆಟ್ಟ ಸಾಮಾನು ವಾಪಸ್ ತಗೊಳ್ಳದಿರುವುದು, ಎರಡೂ 2019ರ ಗ್ರಾಹಕ ಕಾಯ್ದೆಯ ಪ್ರಕಾರ ತಪ್ಪೇ. ಐದು ಲಕ್ಷದ ಒಳಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಫೀಸೂ ಇಲ್ಲ. 2,800ಕ್ಕೆ ಯಾರು ಅಲೆಯುತ್ತಾರೆ ಅನ್ನುವ ಧೈರ್ಯದ ಮೇಲೇ ಇವರ ಅಂಗಡಿ ನಡೆಯುತ್ತಿದೆ. ನಾನು ಅಲೆಯುತ್ತೇನೆ.

ಸೆಲ್ ಬದಲಾಯಿಸಲೇಬೇಕು ಅಂದರೆ ಎದುರಿಗೇ ಕೂತು ಮಾಡಿಸಿ. ಒಂದು ಸೆಲ್ಲಿನ ಕವರ್ ಸೀಳಿ ತೋರಿಸು ಅನ್ನಿ. ಹಿಂದೇಟು ಹಾಕಿದರೆ ಎದ್ದು ಬನ್ನಿ. ಥರ್ಮಿಸ್ಟರ್ ಹಳೇ ಜಾಗದಲ್ಲೇ ಸೆಲ್ಲಿಗೆ ಅಂಟಿಕೊಂಡಿರಬೇಕು. ಹಳೇ ಸೆಲ್ ಎಲ್ಲಿ ಅಂತಲೂ ಕೇಳಿ. ನನ್ನವು ಈಗ ಯಾರ ಪ್ಯಾಕಿನಲ್ಲಿ ಹೊಸ ಬಟ್ಟೆ ಹಾಕಿಕೊಂಡು ಕೂತಿವೆಯೋ. ಆನ್‌ಲೈನಿನಲ್ಲಿ ಸಿಗುವ 'ಎಲ್ಲ ಮಷೀನಿಗೂ ಆಗುತ್ತೆ' ಪ್ಯಾಕ್ ಬಗ್ಗೆ ಜಾಸ್ತಿ ಹೇಳಲ್ಲ. ಐದೇ ಸೆಲ್ ಇಟ್ಟುಕೊಂಡು ಮೇಲೆ 48 ವೋಲ್ಟ್ ಅಂತ ಅಚ್ಚು ಹಾಕಿರುವುದನ್ನು ನಂಬಬೇಡಿ, ಐದು ಸೆಲ್ ಫುಲ್ ಚಾರ್ಜ್ ಆದರೂ 21 ವೋಲ್ಟೇ. ಹೊಸ ಪ್ಯಾಕ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ಇರುವ ಆರ್ ನಂಬರ್, ಅಂದರೆ ನೋಂದಣಿ ನಂಬರ್, ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರದ್ದು ಅಂತ ತೋರಿಸುತ್ತದೆ. ನಾನಂತೂ ಕಂಪನಿಯದೇ ತಗೊಂಡೆ, ಬೈಯ್ದುಕೊಂಡೇ ತಗೊಂಡೆ.

ಇತ್ತೀಚೆಗೆ ಎಲ್ಲಾದರೂ ಸೆಲ್ ಬದಲಾಯಿಸಿದ ಪ್ಯಾಕ್ ನಿಮ್ಮ ಮನೆಯಲ್ಲಿದ್ದರೆ, ದೀಪ ನಾಲ್ಕು ಉರಿದರೂ ಮೂರು ಉರಿದರೂ, ಒಳಗೆ ಏನಿದೆ ಅಂತ ಗೊತ್ತಿರುವವರ ಹತ್ತಿರ ಬಿಚ್ಚಿಸಿ ನೋಡುವವರೆಗೆ ಚಾರ್ಜಿಗೆ ಹಾಕಬೇಡಿ. ರಾತ್ರಿ ಹೊತ್ತು ಅಂತೂ ಬೇಡವೇ ಬೇಡ.