ಇಳಿಜಾರಿನ ಪಾಠಕ್ಕೆ ಚನ್ನಪಟ್ಟಣದ ಮರದ ಕಾರು

ಜಯನಗರದ ಆಟಿಕೆ ಅಂಗಡಿಯೊಂದರಲ್ಲಿ 5 ವರ್ಷದ ಮಗಳಿಗಾಗಿ ಕೊಂಡ ಚನ್ನಪಟ್ಟಣದ ಮರದ ಕಾರಿಗೆ ಬ್ಯಾಟರಿಯೂ ಇಲ್ಲ, ಕೀಲಿಯೂ ಇಲ್ಲ. ಕಲಿಕೆಯ ದೃಷ್ಟಿಯಿಂದ ಅದೇ ಅದರ ದೊಡ್ಡ ಗುಣ. ಹಲಗೆಯೊಂದರ ತುದಿಯನ್ನು ಪುಸ್ತಕಗಳ ಮೇಲಿಟ್ಟು ಕಾರನ್ನು ಬಿಟ್ಟಾಗ, ಪುಸ್ತಕಗಳು ಹೆಚ್ಚಿದಂತೆ ಅದು ಇನ್ನಷ್ಟು ದೂರ ಹೋಗುವುದನ್ನೂ, ಅದೇ ಎತ್ತರದಿಂದ ಬಿಟ್ಟರೂ ಮೊಸಾಯಿಕ್ ನೆಲದ ಮೇಲೆ ಸರಾಗವಾಗಿ ಸಾಗಿದ ಕಾರು ಜಮಖಾನದ ಮೇಲೆ ಬೇಗನೆ ನಿಂತುಬಿಡುವುದನ್ನೂ ಅವಳೇ ಕಂಡುಕೊಂಡಳು. ಸ್ಥಿತಿಶಕ್ತಿ, ಘರ್ಷಣೆ ಎಂಬ ಹೆಸರುಗಳು ಮುಂದೆ ಶಾಲೆಯಲ್ಲಿ ಬಂದರೆ ಸಾಕು.

ಅರಗಿನ ಬಣ್ಣದ ಮೈ ನುಣುಪಾಗಿದೆ, ಎಲ್ಲಿಯೂ ಚೂಪಾದ ಅಂಚಿಲ್ಲ. ಆದರೆ ಮುಂದಿನ ಎಡಗಾಲಿ ಅಚ್ಚಿನಲ್ಲಿ ಬಿಗಿಯಾಗಿದ್ದುದರಿಂದ ಕಾರು ಎಡಕ್ಕೆ ಎಳೆಯುತ್ತಿತ್ತು. ಕಾರನ್ನು ಮಗುಚಿ, ಗಾಲಿಗಳನ್ನು ಒಂದೊಂದಾಗಿ ತಿರುಗಿಸಿ, ಯಾವುದು ಮೊದಲು ನಿಲ್ಲುತ್ತದೆಂದು ಮಗಳು ತಾನೇ ಪತ್ತೆ ಹಚ್ಚಿದಳು. ಅಲ್ಲಿಗೆ ಮೇಣದಬತ್ತಿಯ ಮೇಣ ಸವರಿದ ಮೇಲೆ ಓಟ ನೇರವಾಯಿತು. ದೋಷವನ್ನು ಹುಡುಕಿ ಸರಿಪಡಿಸುವ ಈ ಕ್ರಮವೇ ಎಂಜಿನಿಯರಿಂಗ್ ಎಂದು ನಾನು ನಂಬುತ್ತೇನೆ. ಆದರೂ ಕೊಟ್ಟ ಬೆಲೆಗೆ ಗಾಲಿಗಳ ಜೋಡಣೆ ಇನ್ನಷ್ಟು ನಿಖರವಾಗಿರಬೇಕಿತ್ತು. ಕೊಳ್ಳುವವರು ಹಣ ಕೊಡುವ ಮೊದಲು ನಾಲ್ಕೂ ಗಾಲಿಗಳನ್ನು ತಿರುಗಿಸಿ ನೋಡುವುದು ಒಳ್ಳೆಯದು.