ಇಪ್ಪತ್ತೆಂಟು ಡಬ್ಬಿ ಪೆಲೆಟ್ ಮುಗಿದ ಮೇಲೆ: ನನ್ನ ಏರ್ ರೈಫಲ್‌ನ ನಾಲ್ಕು ವರ್ಷ

ಗುಬ್ಬಿ ಕಡೆಯ ನಮ್ಮ ತೋಟದ ಮನೆಯ ಅಟ್ಟದಲ್ಲಿ ಪೆಲೆಟ್‌ನ, ಅಂದರೆ ಏರ್ ರೈಫಲ್‌ಗೆ ಹಾಕುವ ಪುಟ್ಟ ಸೀಸದ ಗುಂಡಿನ, ಖಾಲಿ ಡಬ್ಬಿಗಳು ಇಪ್ಪತ್ತೆಂಟು ಇವೆ. ಕೆಲವದರಲ್ಲಿ ನನ್ನ ಹೆಂಡತಿ ಸೊಪ್ಪಿನ ಬೀಜ ತುಂಬಿಟ್ಟಿದ್ದಾಳೆ. ಒಂದು ಡಬ್ಬಿಗೆ 500 ಪೆಲೆಟ್. ಅಲ್ಲಿಗೆ 2021ರ ಜನವರಿಯಿಂದ ನಾಲ್ಕು ವರ್ಷಗಳಲ್ಲಿ ಈ ಗನ್ ಹಾರಿಸಿದ್ದು ಹದಿನಾಲ್ಕು ಸಾವಿರ. ಕಂಪನಿಯ ಹೆಸರು ಬರೆಯುವುದಿಲ್ಲ. ನಳಿಗೆ ಬಗ್ಗಿಸಿ ಸ್ಪ್ರಿಂಗ್ ಬಿಗಿಸುವ ಗನ್‌ಗಳ ಒಳಗಿನ ಕಥೆ ಎಲ್ಲ ಕಂಪನಿಗಳದ್ದೂ ಹೆಚ್ಚುಕಡಿಮೆ ಒಂದೇ.

ಕೊಂಡದ್ದು ಮಗಳಿಗೆ ಗುರಿ ಹಿಡಿಯುವುದನ್ನು ಕಲಿಸಲು ಎಂದು ಮನೆಯಲ್ಲಿ ಹೇಳಿದ್ದೆ. ನಿಜ ಹೇಳಬೇಕೆಂದರೆ ನನ್ನ ಆಸೆಯೇ ದೊಡ್ಡದಿತ್ತು. ಪೆಟ್ಟಿಗೆಯ ಮೇಲೆ ‘ಸೆಕೆಂಡಿಗೆ 1000 ಅಡಿ’ ಎಂದು ಹಳದಿ ಅಕ್ಷರಗಳಲ್ಲಿ ಬರೆದಿದ್ದನ್ನು ನೋಡಿಯೇ ಪಕ್ಕದಲ್ಲಿದ್ದ ಸಾಧಾರಣ ಗನ್ ಬಿಟ್ಟು ಇದನ್ನು ಎತ್ತಿಕೊಂಡೆ. ಲೆಕ್ಕ ಹಾಕುವ ಬುದ್ಧಿ ಆಮೇಲೆ ಬಂತು. ನಮ್ಮಲ್ಲಿ ಪರವಾನಗಿ ಬೇಡದ ಏರ್ ಗನ್‌ಗೆ 4.5 ಮಿಲಿಮೀಟರ್ ನಳಿಗೆ, 20 ಜೂಲ್ ಶಕ್ತಿಯ ಮಿತಿ. 1000 ಅಡಿ ಎಂದರೆ ಸುಮಾರು 305 ಮೀಟರ್. ನಾವು ದಿನವೂ ಬಳಸುವ 0.53 ಗ್ರಾಂ ತೂಕದ ಸೀಸದ ಪೆಲೆಟ್ ಆ ವೇಗದಲ್ಲಿ ಹೋದರೆ ಶಕ್ತಿ 24 ಜೂಲ್ ದಾಟಿಬಿಡುತ್ತದೆ. ಹಾಗಾದರೆ ಆ ಸಂಖ್ಯೆ ಎಲ್ಲಿಂದ ಬಂತು? 0.40 ಗ್ರಾಂನ ಹಗುರ ಪೆಲೆಟ್ ಹಾಕಿದರೆ 18.6 ಜೂಲ್‌ನಲ್ಲಿಯೇ 305 ಮೀಟರ್ ಸಿಗುತ್ತದೆ. ಗಾಡಿಯಿಂದ ಹೊರೆ ಇಳಿಸಿ ಓಟದ ಪಂದ್ಯಕ್ಕೆ ಬಿಟ್ಟ ಹಾಗೆ.

ನಾನೂ ಅದನ್ನೇ ಮಾಡಿದೆ. ಮೊದಲ ವರ್ಷವೆಲ್ಲ ಹಗುರ ಪೆಲೆಟ್. ಚಟೀರ್ ಎಂಬ ಸದ್ದಿಗೆ ಪಕ್ಕದ ತೋಟದವರು ಇಣುಕಿ ನೋಡುತ್ತಿದ್ದರು, ನನಗೂ ಖುಷಿಯಾಗುತ್ತಿತ್ತು. ಹತ್ತು ಮೀಟರ್ ದೂರದಲ್ಲಿ ಗುರಿಹಾಳೆ, ಅದರ ಹಿಂದೆ ತೆಂಗಿನ ನಾರಿನ ಪುಡಿ ಬಿಗಿಯಾಗಿ ತುಂಬಿದ ಎರಡು ಗೋಣಿಚೀಲ. (ಈ ಜಿಲ್ಲೆಯಲ್ಲಿ ನಾರಿನ ಪುಡಿಗೆ ಬರವಿಲ್ಲ. ಪೆಲೆಟ್ ಹಿಂದಕ್ಕೆ ಚಿಮ್ಮುವುದಿಲ್ಲ, ಸೀಸವನ್ನು ಜರಡಿ ಹಿಡಿದು ತೆಗೆಯಬಹುದು. ಆಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಅಷ್ಟೇ.) ಐದು ಗುಂಡುಗಳು ಒಂದು ರೂಪಾಯಿ ನಾಣ್ಯದಷ್ಟು ಅಗಲದೊಳಗೆ ಬಿದ್ದರೆ ಅದು ನನ್ನ ಒಳ್ಳೆಯ ದಿನ.

ಸೈನ್ಯದಿಂದ ನಿವೃತ್ತರಾದ ಚಿಕ್ಕಪ್ಪ ಒಂದು ಭಾನುವಾರ ಬಂದವರು ಎರಡು ಸಲ ಹಾರಿಸಿ ನೋಡಿ ಗನ್ ಕೆಳಗಿಟ್ಟರು. ಅವರ ಕಾಲದ 7.62 ಮಿಲಿಮೀಟರ್ ರೈಫಲ್‌ನ ಗುಂಡು ಸೆಕೆಂಡಿಗೆ 840 ಮೀಟರ್ ಆಸುಪಾಸಿನಲ್ಲಿ ಹೋಗುತ್ತಿತ್ತು. ನನ್ನ 305 ಅವರಿಗೆ ಯಾವ ಲೆಕ್ಕ? ಮದ್ದಿನ ರೈಫಲ್‌ನಲ್ಲಿ ವೇಗಕ್ಕೆ ಬೆಲೆ ತೆರುವುದು ನಳಿಗೆ ಎಂದು ಅವರು ವಿವರಿಸಿದರು. ಗುಂಡು ನಳಿಗೆಯ ಗೆರೆಗಳಿಗೆ ಕಚ್ಚಿಕೊಳ್ಳುವ ಕೊರಳಿನ ಜಾಗವನ್ನು ಬಿಸಿ ಅನಿಲ ಸುಡುತ್ತಾ ಬರುತ್ತದೆ. ಸಣ್ಣ ನಳಿಗೆಗೆ ಹೆಚ್ಚು ಮದ್ದು ಸುರಿದಷ್ಟೂ ಅದು ಬೇಗ ಸವೆಯುತ್ತದೆ; ಕಾದ ನಳಿಗೆಯಲ್ಲಿ ಬಿಡುವಿಲ್ಲದೆ ಹಾರಿಸಿದರೆ ಇನ್ನೂ ಬೇಗ. “ನಿನ್ನದರಲ್ಲಿ ಬೆಂಕಿಯೇ ಇಲ್ಲ, ಮೆತ್ತನೆಯ ಸೀಸ. ಈ ನಳಿಗೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹೀಗೆಯೇ ಇರುತ್ತದೆ. ಆದರೆ ಒಳಗೆ ಏನೋ ಬಡಿದುಕೊಳ್ಳುತ್ತಿದೆಯಲ್ಲ, ಅದನ್ನು ನೋಡಿಕೋ” ಎಂದರು. ನಾನು ನೋಡಿಕೊಳ್ಳಲಿಲ್ಲ.

ಹನ್ನೊಂದನೆಯ ಡಬ್ಬಿಯ ಅರ್ಧದಲ್ಲಿ ನಳಿಗೆ ಬಗ್ಗಿಸುವಾಗ ಗರಗರ ಎಂದು ಮರಳು ಅರೆದ ಸದ್ದು ಬಂತು. ಬಿಚ್ಚಿಸಿದಾಗ ಸ್ಪ್ರಿಂಗ್ ಎರಡು ತುಂಡಾಗಿತ್ತು, ಗಾಳಿ ಸೋರದಂತೆ ತಡೆಯುವ ಪಿಸ್ಟನ್ ತುದಿಯ ಸೀಲ್ ಸುಟ್ಟು ಕಪ್ಪಾಗಿತ್ತು. ಬೆಂಗಳೂರಿನ ರಿಪೇರಿಯವರು ಬೈಯದೆ ಬುದ್ಧಿ ಹೇಳಿದರು. ಸ್ಪ್ರಿಂಗ್ ಬಿಟ್ಟುಕೊಂಡಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಪೆಲೆಟ್ ತಕ್ಕಷ್ಟು ತೂಕದ್ದಾದರೆ ಕ್ಷಣಕಾಲ ತಡೆದು ನಿಲ್ಲುತ್ತದೆ, ಆ ಗಾಳಿಯೇ ಪಿಸ್ಟನ್‌ಗೆ ದಿಂಬಾಗುತ್ತದೆ. ಹಗುರವಾದದ್ದು ಬೇಗ ಜಾಗ ಬಿಟ್ಟರೆ ದಿಂಬು ಇಲ್ಲ. ಪಿಸ್ಟನ್ ಹೋಗಿ ಗೋಡೆಗೆ ಬಡಿಯುತ್ತದೆ. ಪೆಲೆಟ್ ಇಲ್ಲದೆ ಹಾರಿಸಿದರೂ ಅದೇ ಗತಿ. ಸಾಲದ್ದಕ್ಕೆ ನಾನು ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆಯನ್ನು ಒಳಗೆ ಬಿಡುತ್ತಿದ್ದೆ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆ ಡೀಸೆಲ್ ಎಂಜಿನ್‌ನಲ್ಲಿ ಹೊತ್ತಿಕೊಂಡ ಹಾಗೆ ಹೊತ್ತಿಕೊಳ್ಳುತ್ತಿತ್ತು. ನಾನು ಮೆಚ್ಚಿದ ಚಟೀರ್ ಸದ್ದಿನಲ್ಲಿ ಅರ್ಧ ಪಾಲು ಅದರದ್ದು.

ಅವರು ಹಾಕಿಕೊಟ್ಟದ್ದು ಮೆತ್ತನೆಯ ಸ್ಪ್ರಿಂಗ್. ಜರ್ಮನಿಯಲ್ಲಿ ಪರವಾನಗಿ ಇಲ್ಲದ ಏರ್ ಗನ್‌ಗೆ 7.5 ಜೂಲ್ ಮಿತಿಯಾದ್ದರಿಂದ ಇಂಥ ಸ್ಪ್ರಿಂಗ್‌ಗಳನ್ನೂ ತಯಾರಿಸುತ್ತಾರಂತೆ. ನನ್ನದು ಅದಕ್ಕಿಂತ ಸ್ವಲ್ಪ ಗಟ್ಟಿ. ವೇಗ ಅಳೆಯುವ ಕ್ರೋನೋಗ್ರಾಫ್ ಅವರ ಬಳಿಯೇ ಇತ್ತು. ಹೊಸದರಲ್ಲಿ 0.53 ಗ್ರಾಂನ ಪೆಲೆಟ್ ಸೆಕೆಂಡಿಗೆ 255 ಮೀಟರ್ ಹೋಗುತ್ತಿತ್ತು, ಈಗ 205. ಐವತ್ತು ಮೀಟರ್ ಕಳೆದುಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು. ಮನೆಗೆ ಬಂದು ಲೆಕ್ಕ ಮಾಡಿದೆ: ಹತ್ತು ಮೀಟರ್ ದೂರಕ್ಕೆ ಪೆಲೆಟ್ ಕೆಳಗಿಳಿಯುವುದರಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಸುಮಾರು 4 ಮಿಲಿಮೀಟರ್. ಗುರಿ ನೋಡುವ ಹಿಂದಿನ ಸೈಟ್‌ನ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಮುಗಿಯಿತು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಸ್ಪರ್ಧೆಯೂ ಇದೇ ಹತ್ತು ಮೀಟರ್‌ನದು. ಆ ಸ್ಪರ್ಧೆಯ ರೈಫಲ್‌ಗಳ ವೇಗ 170–175 ಮೀಟರ್ ಅಷ್ಟೇ.

ಆಮೇಲಿನ ಹದಿನೇಳು ಡಬ್ಬಿಗಳಲ್ಲಿ ಸ್ಪ್ರಿಂಗ್ ಮುರಿದಿಲ್ಲ. ಸ್ಪ್ರಿಂಗ್ ಗನ್ ಮೊದಲು ಹಿಂದಕ್ಕೆ ಒದ್ದು, ಪಿಸ್ಟನ್ ನಿಂತ ಕೂಡಲೇ ಮುಂದಕ್ಕೆ ಜಗ್ಗುತ್ತದೆ; ಆ ಎರಡೂ ಈಗ ಮೃದುವಾಗಿವೆ. ಐದು ಗುಂಡುಗಳು ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಬೀಳುತ್ತವೆ. ಮುಖ್ಯವಾಗಿ, ಎರಡೂ ಕೈ ಹಾಕಿದರೂ ಬಗ್ಗದಿದ್ದ ನಳಿಗೆಯನ್ನು ಮಗಳು ಈಗ ತಾನೇ ಬಗ್ಗಿಸುತ್ತಾಳೆ. ಗನ್ ಬಿಗಿಸಿಟ್ಟು ಟೀ ಕುಡಿಯಲು ಹೋಗುವ ನನ್ನ ಚಾಳಿಯನ್ನು ಬಿಡಿಸಿದವಳೂ ಅವಳೇ. ಅದು ಅಪಾಯ, ಸ್ಪ್ರಿಂಗ್‌ನ ಬಿಗಿಯನ್ನೂ ತಿನ್ನುತ್ತದೆ.

ದೂರುಗಳು ಇಲ್ಲದಿಲ್ಲ. ಮೂರು ಕಿಲೋ ಮೀರಿದ ತೂಕ ಮಕ್ಕಳಿಗೆ ಹೆಚ್ಚು. ಸೈಟ್ ಪ್ಲಾಸ್ಟಿಕ್‌ನದು, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಟ್ರಿಗರ್ ಹಳೆಯ ಬಾವಿಯ ರಾಟೆಯಂತೆ ಎಳೆದೆಳೆದು ಬರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹೊರಮೈ ಒರೆಸದಿದ್ದರೆ ತುಕ್ಕು. ದೂರದ ಗುರಿಗೆ ಈ ಸ್ಪ್ರಿಂಗ್ ಸಾಲದು. ಇಪ್ಪತ್ತೈದು ಮೀಟರ್‌ಗೆ ಪೆಲೆಟ್ ಮೊದಲಿಗಿಂತ ಮೂರು ಸೆಂಟಿಮೀಟರ್‌ನಷ್ಟು ಹೆಚ್ಚು ಇಳಿಯುತ್ತದೆ, ಗಾಳಿಗೂ ಸರಿಯುತ್ತದೆ.

ಕಡಲೆಕಾಯಿ ಹೊಲಕ್ಕೆ ಬರುವ ನವಿಲುಗಳಿಗೆ ಇದು ಆಗುತ್ತದೆಯೇ ಎಂದು ಕೇಳಿದವರು ಮೂವರಾದರು. ಆಗುವುದಿಲ್ಲ, ಆಗಲೂ ಬಾರದು. 1972ರ ವನ್ಯಜೀವಿ ಕಾಯ್ದೆಯಡಿ ಜೈಲಿಗೆ ಹೋಗುವುದು ಗನ್ ಅಲ್ಲ, ಹಿಡಿದವನು ಎಂದು ಹೇಳಿ ಕಳಿಸಿದ್ದೇನೆ.

ಸದ್ಯಕ್ಕೆ ನಳಿಗೆಯ ಬುಡದ ರಬ್ಬರ್ ಉಂಗುರ ಒಣಗಿದೆ, ಹಾರಿಸಿದಾಗ ಕೆನ್ನೆಗೆ ಗಾಳಿ ತಾಗುತ್ತದೆ. ಚಿಲ್ಲರೆ ದುಡ್ಡಿನ ವಸ್ತು, ಹೇಳಿ ಮೂರು ವಾರವಾಯಿತು, ಇನ್ನೂ ಬಂದಿಲ್ಲ. ಇಪ್ಪತ್ತೊಂಬತ್ತನೆಯ ಡಬ್ಬಿಯ ಮುಚ್ಚಳ ತೆಗೆಯದೆ ಇಟ್ಟಿದ್ದೇನೆ.